ಸಿಹಿನೀರಿಗೆ ಬಿಡುವ ಉಂಗುರ

ಹರಿಣಿ ಮೆಂಡನ್ ತಲೆಯಿಂದ ಒಂದು ಕೂದಲು ಕಿತ್ತು, ಕ್ಯಾಮೆರಾ ಕವಚದ ಬಾಯಿಗೆ ಅಡ್ಡವಾಗಿ ಇಟ್ಟು, ಮುಚ್ಚಳ ಒತ್ತಿ ಕೊಕ್ಕೆ ಹಾಕಿದಳು. ಆಮೇಲೆ ಆ ಕವಚವನ್ನು ಸಮುದ್ರದ ನೀರು ತುಂಬಿದ ತೊಟ್ಟಿಗೆ ಇಳಿಸಿ, ಮೂಗು ನೀರಿಗೆ ತಾಗುವಷ್ಟು ಬಗ್ಗಿ ನೋಡಿದಳು. ಕೂದಲು ಇದ್ದ ಜಾಗದಿಂದ ಒಂದು ಗುಳ್ಳೆ ಎದ್ದಿತು. ಇನ್ನೊಂದು. ಮತ್ತೊಂದು. ನಾಲ್ಕನೆಯದು ಅರ್ಧ ಹೊರಬಂದು ಅಲ್ಲೇ ಸಿಕ್ಕಿಕೊಂಡಿತು. ಮುಚ್ಚಳದ ಉಂಗುರ ಬಾಯಿ ಮುಚ್ಚಿತ್ತು.

"ನಿನಗೆ ಮರ್ಲಾ ಮಾರಾಯ್ತಿ, ಹುಚ್ಚಾ?" ಎಂದ ಭಾರ ಎತ್ತಿಳಿಸುವ ವಿಂಚ್ ನೋಡಿಕೊಳ್ಳುವ ಯತೀಶಣ್ಣ, ನದಿಯಲ್ಲಿ ನಿಂತ ಚಪ್ಪಟೆ ಬಾರ್ಜಿನ ಆ ತುದಿಯಿಂದ. "ದಿನಾ ಒಂದೊಂದು ಕೂದಲು ಕಿತ್ತರೆ ಮಳೆಗಾಲ ಮುಗಿಯುವಾಗ ನಿನ್ನ ತಲೆ ಬೋಳು. ಮತ್ತೆ ಗಂಡು ಹುಡುಕುವ ನಿನ್ನ ಅಮ್ಮನ ಪಾಡೆಂತ?"

ಹರಿಣಿ ನಕ್ಕು, ಕವಚವನ್ನು ಎತ್ತಿ ಪಕ್ಕದ ಸಿಹಿನೀರಿನ ಡ್ರಮ್ಮಿನಲ್ಲಿ ಮುಳುಗಿಸಿದಳು. ಉಪ್ಪು ತೊಳೆದುಹೋಗಲಿ ಎಂದು ಹಾಗೆ ಆರು ನಿಮಿಷ ಇಡುವುದು ವಾಡಿಕೆ.

ನೀರಿನಡಿ ಚಿತ್ರ ತೆಗೆಯುವವರಿಗೆ ಹಿಂದೆಲ್ಲ ಒಂದು ಕೂದಲಿಗಿಂತ ದೊಡ್ಡ ಶತ್ರು ಇರಲಿಲ್ಲ. ಕ್ಯಾಮೆರಾವನ್ನು ಒಂದು ಗಟ್ಟಿ ಪೆಟ್ಟಿಗೆಯೊಳಗೆ ಇಟ್ಟು ಇಳಿಸುತ್ತಿದ್ದರು. ಪೆಟ್ಟಿಗೆಗೂ ಮುಚ್ಚಳಕ್ಕೂ ನಡುವೆ ಒಂದು ರಬ್ಬರ್ ಉಂಗುರ. ಅದರ ಮೇಲೆ ಕೂದಲೋ ಮರಳಿನ ಕಾಳೋ ಕೂತಿದ್ದರೆ ಮುಗಿಯಿತು. ನೀರು ಆ ಸಂದಿಯಲ್ಲೇ ನುಸುಳಿ ಕ್ಯಾಮೆರಾದ ತಿಥಿ ಮಾಡುತ್ತಿತ್ತು. ಹರಿಣಿ ಕೆಲಸ ಕಲಿತದ್ದು ಆ ಕಾಲದಲ್ಲಿ. ಭೂತಗನ್ನಡಿ ಹಿಡಿದು ಉಂಗುರದ ಸುತ್ತ ಕಣ್ಣಾಡಿಸುವುದು, ಬೆರಳ ತುದಿಯಿಂದ ಗ್ರೀಸ್ ಸವರುವುದು, ಒಳಗೆ ತೆಳು ಕಾಗದ ಇಟ್ಟು ಮುಳುಗಿಸಿ ಅದು ಒದ್ದೆಯಾಗಿದೆಯೇ ಎಂದು ನೋಡುವುದು. ಇಷ್ಟು ಮಾಡಿಯೂ ಕ್ಯಾಮೆರಾ ಮೇಲೆ ಬರುವ ತನಕ ಹೆದರಿ ಹಗ್ಗದ ಬುಡ ಬಿಟ್ಟು ಕದಲುತ್ತಿರಲಿಲ್ಲ ಅವಳು.

ಆ ಭಯವನ್ನು ಒರೆಸಿಹಾಕಿದವರು ಡಾ. ಅಹಲ್ಯಾ ಪ್ರಭು. ಬಂಡೆಗೆ ಅಂಟಿಕೊಂಡು ಬದುಕುವ ಪಚ್ಚಿಲೆ ಎಂಬ ಚಿಪ್ಪುಜೀವಿಯನ್ನು ಕರಾವಳಿಯಲ್ಲಿ ಎಲ್ಲರೂ ಸುಕ್ಕ ಮಾಡಿ ತಿಂದವರೇ. ಎಂಥ ಅಲೆ ಬಡಿದರೂ ಅದು ಬಂಡೆ ಬಿಡುವುದಿಲ್ಲ, ಯಾಕೆಂದರೆ ನೀರಿನಲ್ಲೇ ಗಟ್ಟಿಯಾಗುವ ಅಂಟೊಂದನ್ನು ಅದು ಸ್ರವಿಸುತ್ತದೆ. ಆ ಅಂಟು ಸುರಿಸುವ ಜೀವಕೋಶಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ, ರಬ್ಬರಿನೊಳಗೆ ನೆಯ್ದು, ಡಾ. ಪ್ರಭು ಒಂದು ಉಂಗುರ ಮಾಡಿದರು. ಉಪ್ಪುನೀರು ತಾಗಿದ ಕೂಡಲೇ ಕೋಶಗಳು ಎಚ್ಚರಗೊಂಡು ಸಂದಿ ಮುಚ್ಚುತ್ತವೆ. 'ಜೀವದುಂಗುರ' ಎಂದು ಹೆಸರು ಬಿತ್ತು. ನಾಲ್ಕೇ ವರ್ಷದಲ್ಲಿ, ಅಂದರೆ 2061ರ ಹೊತ್ತಿಗೆ, ಕ್ಯಾಮೆರಾ ಕವಚವಿರಲಿ, ಮನುಷ್ಯರೇ ಕೂತು ಇಳಿಯುವ ಗಾಜಿನ ಗೂಡುಗಳ ಮುಚ್ಚಳಕ್ಕೂ ಅದೇ ಉಂಗುರ ಬಂದಿತ್ತು. ಮುಳುಗುವ ಕೆಲಸ ಅಂದರೆ ಈಗ ಬಸ್ಸಿನಲ್ಲಿ ಕೂತು ಹೋದಷ್ಟು ಸಲೀಸು. ಪರೀಕ್ಷೆ ಮಾಡುವವರನ್ನು ಬಂದರು ಬಂದರಿನಲ್ಲೂ ಮನೆಗೆ ಕಳಿಸಿದ್ದರು. ಹರಿಣಿಯನ್ನು ಉಳಿಸಿಕೊಂಡದ್ದು ತೊಳೆದು ಒರೆಸುವುದಕ್ಕೆ; ಕೂದಲಿನ ಪರೀಕ್ಷೆ ಅವಳ ಹಳೆಯ ಚಟ.

ಈ ಉಂಗುರದಲ್ಲಿ ಅವಳದೂ ಒಂದು ಪಾಲಿತ್ತು, ಅದನ್ನು ಅವಳು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದಳು. ಮೊದಲ ಮಾದರಿ ಬಂದಾಗ ಅದು ಅಂಟಿದರೆ ಅಂಟಿದ್ದೇ. ಕ್ಯಾಮೆರಾ ಹೊರತೆಗೆಯಲು ಉಳಿ ಹಿಡಿದು ಉಂಗುರವನ್ನು ಕೆತ್ತಬೇಕಾಗಿತ್ತು. "ಮೇಡಂ, ನಾವು ಹೇಗೂ ಸಿಹಿನೀರಿನಲ್ಲಿ ತೊಳೀತೇವಲ್ಲ, ಆಗ ತಾನಾಗಿ ಬಿಡುವ ಹಾಗೆ ಮಾಡ್ಲಿಕ್ಕೆ ಆಗೂದಿಲ್ವಾ?" ಎಂದು ಕೇಳಿದವಳು ಹರಿಣಿ. ಡಾ. ಪ್ರಭು ಮೇಜು ತಟ್ಟಿ ಎದ್ದಿದ್ದರು. ಮುಂದಿನ ಮಾದರಿ ಸಿಹಿನೀರಿನಲ್ಲಿ ಆರು ನಿಮಿಷಕ್ಕೆ ಅಂಟು ಬಿಡುತ್ತಿತ್ತು. ಎಷ್ಟು ಅನುಕೂಲ! ಲೋಕವೆಲ್ಲ ಅದನ್ನೇ ಕೊಂಡಿತು.

ಆ ಗುರುವಾರ ಬೆಳಗ್ಗೆ ಕೆಳಗೆ ಗೂಡಿನಲ್ಲಿ ಕೂತಿದ್ದವನು ಅವಳ ತಮ್ಮ ಸುಕೇಶ. ಬೆಂಗರೆಗೂ ಉಳ್ಳಾಲಕ್ಕೂ ನಡುವೆ, ನೇತ್ರಾವತಿ ಕಡಲಿಗೆ ಸೇರುವ ಅಳಿವೆಬಾಗಿಲಿನಲ್ಲಿ, ಹೊಸ ಸೇತುವೆ ನಿಂತಿತ್ತು. ಅದರ ಏಳನೆಯ ಕಂಬದ ಬುಡದಲ್ಲಿ ನೀರು ಕೊರೆದು ಹದಿನೆಂಟು ಮೀಟರ್ ಆಳದ ಗುಂಡಿಯಾಗಿತ್ತು. ಬಿರುಕು ಬಂದಿದೆಯೇ ಎಂದು ಚಿತ್ರ ತೆಗೆಯುವುದು ಅವನ ಕೆಲಸ. ಮೀನಿನ ಲಾರಿ ಓಡಿಸಿಕೊಂಡಿದ್ದವನನ್ನು ಈ ಕೆಲಸಕ್ಕೆ ಕರೆತಂದವಳು ಹರಿಣಿಯೇ. ಅಮ್ಮ ಬೇಡವೆಂದು ಹಟ ಹಿಡಿದಾಗ, "ಒಂದು ಹನಿ ನೀರು ಒಳಗೆ ಹೋದ್ರೆ ನನ್ನನ್ನು ಕೇಳು" ಎಂದು ಎದೆ ತಟ್ಟಿ ಹೇಳಿದ್ದಳು.

ತಂತಿಯ ಫೋನು ಕಿರ್ರೆಂದಿತು.

"ಅಕ್ಕ, ನಿನ್ನ ಕ್ಯಾಮೆರಾದೊಳಗೆ ನೀರುಂಟು."

"ಬೊಗಳೆ ಬಿಡಬೇಡ."

"ದೇವರಾಣೆಗೂ. ಪರದೆ ನೋಡು."

ಗೂಡಿನ ನೆತ್ತಿಯ ಮೇಲೆ ಎರಡು ಮೀಟರ್ ಕಂಬದ ತುದಿಯಲ್ಲಿ ಕ್ಯಾಮೆರಾ ಇತ್ತು. ಅದರ ಚಿತ್ರ ಬಾರ್ಜಿನ ಪರದೆಗೆ ಬರುತ್ತಿತ್ತು. ಹರಿಣಿ ನೋಡಿದಳು. ಚಿತ್ರದ ಕೆಳಅಂಚಿನಲ್ಲಿ ಒಂದು ಗೆರೆ ಅಲುಗಾಡುತ್ತಿತ್ತು. ಲೆನ್ಸಿನ ಈ ಕಡೆ, ಕವಚದ ಒಳಗೆ, ನೀರು ನಿಂತಿತ್ತು. ಅವಳು ನೋಡುತ್ತಿದ್ದಂತೆಯೇ ಗೆರೆ ಒಂದು ಬೆರಳು ಮೇಲೇರಿತು.

ಮೊದಲು ಬಂದ ಯೋಚನೆ ಹಳೆಯದೇ: ನಾನು ಸರಿಯಾಗಿ ಮುಚ್ಚಲಿಲ್ಲ, ಕೊಕ್ಕೆ ಬಿಗಿಯಲಿಲ್ಲ, ಬೈಗುಳ ತಿನ್ನಬೇಕು. ಆಮೇಲೆ, ಅಲ್ಲ, ಮುಚ್ಚದಿದ್ದರೂ ಉಂಗುರ ಮುಚ್ಚಬೇಕಿತ್ತಲ್ಲ ಎಂದುಕೊಂಡಳು. ಪರದೆ ಪೂರ್ತಿ ಕಪ್ಪಾಯಿತು. ಅವಳು ಡ್ರಮ್ಮಿನತ್ತ ತಿರುಗಿದಳು. ಬೆಳಗ್ಗೆ ತೊಳೆಯಲು ಇಟ್ಟ ಕವಚವನ್ನು ಫೋನಿನ ಗಡಿಬಿಡಿಯಲ್ಲಿ ಮರೆತಿದ್ದಳು. ಎತ್ತಿದಳು. ಕೊಕ್ಕೆ ಹಾಕಿದ ಹಾಗೇ ಇತ್ತು. ಒಳಗೆ ಮುಕ್ಕಾಲು ನೀರು.

ಓಡಿ ಹೋಗಿ ಹಗ್ಗದ ಬಕೆಟನ್ನು ನದಿಗೆ ಎಸೆದು ಎಳೆದುಕೊಂಡಳು. ನೀರು ಕೆಂಪಗಿತ್ತು. ಘಟ್ಟದಲ್ಲಿ ಮೂರು ದಿನದಿಂದ ಒಂದೇ ಸಮ ಮಳೆ. ನೇತ್ರಾವತಿ ತುಂಬಿ ಬರುತ್ತಿದ್ದಳು. ಹರಿಣಿ ಬೊಗಸೆಯಲ್ಲಿ ತೆಗೆದು ನಾಲಗೆಗೆ ಹಚ್ಚಿದಳು. ಮಣ್ಣಿನ ರುಚಿ ಇತ್ತು, ಉಪ್ಪು ಇರಲಿಲ್ಲ.

"ಯತೀಶಣ್ಣ! ತಮ್ಮನನ್ನು ಎಳೀರಿ! ಈಗಲೇ ಎಳೀರಿ!"

"ಎಂತ ಆಯ್ತು?"

"ಉಂಗುರ ಬಿಡ್ತಾ ಉಂಟು! ಇದು ಸಿಹಿನೀರು!"

ಯತೀಶಣ್ಣ ಮೂವತ್ತೈದು ವರ್ಷ ವಿಂಚ್ ಹಿಡಿದವನು. ಮರುಪ್ರಶ್ನೆ ಕೇಳದೆ ಹಿಡಿ ಎಳೆದ. ಆದರೆ ನೆರೆಯ ಸೆಳೆತದಲ್ಲಿ ಬೇಗ ಎಳೆಯುವ ಹಾಗಿರಲಿಲ್ಲ. ಗೂಡು ತೂಗಾಡಿ ಕಂಬಕ್ಕೆ ಬಡಿದರೆ ಗಾಜು ಚೂರು. ಮೇಲೆ ತರಲು ಹನ್ನೊಂದು ನಿಮಿಷ ಬೇಕು. ಹರಿಣಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಆರಕ್ಕೆ ಉಂಗುರ ಬಿಡುತ್ತದೆ. ಉಳಿದ ಐದು ನಿಮಿಷ?

ಫೋನಿನಲ್ಲಿ ಸುಕೇಶನ ದನಿ ಇನ್ನೂ ಹಗುರವಾಗಿಯೇ ಇತ್ತು. "ಎಂತಕ್ಕೆ ಎಳೀತಿದ್ದೀರಿ? ಇಲ್ಲಿ ಒಂದು ಚಂದ ಉಂಟು ಅಕ್ಕ. ನನ್ನ ಸುತ್ತ ನೀರು ಹಸಿರು. ತಲೆ ಮೇಲೆ ಕೆಂಪು. ನಡುವೆ ಗೆರೆ ಎಳೆದ ಹಾಗೆ. ಬೆಳಗ್ಗೆ ತುಂಬ ಮೇಲಿತ್ತು. ಈಗ ಕ್ಯಾಮೆರಾದ ಕಂಬ ಪೂರಾ ಅದರೊಳಗೆ ಹೋಗಿದೆ."

ಹರಿಣಿಗೆ ಅರ್ಥವಾಯಿತು, ಅರ್ಥವಾಗದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಉಪ್ಪುನೀರು ಭಾರ, ಅದು ಗುಂಡಿಯ ತಳದಲ್ಲಿ ಉಳಿದಿದೆ. ನದಿಯ ನೀರು ಹಗುರ, ಮೇಲಿದೆ. ತಮ್ಮನ ಜೀವ ಹಿಡಿದಿಟ್ಟಿರುವುದು ತಳದ ಆ ಹಸಿರು ನೀರು. ಅವನನ್ನು ಅದರಿಂದ ಹೊರಗೆಳೆಯುತ್ತಿರುವವಳು ತಾನು.

"ನಿಲ್ಲಿಸಿ! ಕೆಳಗೆ ಬಿಡಿ, ಯತೀಶಣ್ಣ, ವಾಪಸ್ ಕೆಳಗೆ!"

"ಏಯ್, ನೀನೊಮ್ಮೆ ಸರಿಯಾಗಿ ಹೇಳು! ಮೇಲೋ ಕೆಳಗೋ?"

"ಕೆಳಗೆ! ನಿಮ್ಮ ಕಾಲಿಗೆ ಬೀಳ್ತೇನೆ!"

ಗೂಡು ತಳಕ್ಕೆ ಮರಳಿತು. ಅವಳು ಡಾ. ಪ್ರಭು ಅವರಿಗೆ ಕರೆ ಮಾಡಿದಳು. ಅವರು ಕೇಳಿ, ಸಾವಧಾನವಾಗಿಯೇ, "ಹರಿಣಿ, ಗಾಬರಿ ಬೇಡ. ಹಾಗಾಗಲು ಸಾಧ್ಯವಿಲ್ಲ. ನಲವತ್ತು ಸಾವಿರ ಸಲ ಪರೀಕ್ಷೆ ಮಾಡಿದ ಉಂಗುರ ಅದು" ಎಂದರು.

"ಯಾವ ನೀರಿನಲ್ಲಿ ಮಾಡಿದ್ದು ಮೇಡಂ?"

"ಸಮುದ್ರದ ನೀರಿನಲ್ಲಿ."

"ಅಳಿವೆಯಲ್ಲಿ ಮಾಡಿದ್ದೀರಾ? ಆಗಸ್ಟ್‌ನಲ್ಲಿ?"

"ಜನವರಿಯಲ್ಲಿ ಮಾಡಿದ್ದೆವು. ಮಳೆಗಾಲದಲ್ಲಿ ಬಾರ್ಜ್ ಸಿಗಲಿಲ್ಲ." ಅವರ ದನಿಯಲ್ಲಿ ಮೊದಲಿನ ನೆಮ್ಮದಿ ಇರಲಿಲ್ಲ. "ಮೇಲೆ ತರಬೇಡಿ. ಉಪ್ಪುನೀರಿನಲ್ಲೇ ಇರಲಿ. ನೆರೆ ಇಳಿಯುವ ತನಕ ಗಾಳಿ ಸಾಕಾಗುತ್ತದಲ್ಲ?"

"ಗಾಳಿ ಸಾಕು ಮೇಡಂ. ಉಪ್ಪುನೀರು ಸಾಕಾಗೂದಿಲ್ಲ. ಗೆರೆ ಇಳೀತಾ ಉಂಟು."

ಅದೇ ಹೊತ್ತಿಗೆ ಸುಕೇಶ, ಈಗ ಹಗುರವಿಲ್ಲದ ದನಿಯಲ್ಲಿ, "ಅಕ್ಕ, ಕೆಂಪು ನೀರು ಮುಚ್ಚಳಕ್ಕೆ ಬಂತು" ಎಂದ. "ಹಸಿರು ಈಗ ನನ್ನ ಭುಜದಿಂದ ಕೆಳಗೆ ಮಾತ್ರ. ನೀವೆಲ್ಲ ಎಂತಕ್ಕೆ ಕೂಗ್ತಿದ್ದೀರಿ? ಎಂತ ಆಗಿದೆ?"

ಅವಳಿಗೆ ಸುಳ್ಳು ಹೇಳಬೇಕೆನಿಸಿತು. ಚಿಕ್ಕಂದಿನಲ್ಲಿ ಸಿಡಿಲಿಗೆ ಹೆದರಿ ಅವಳ ಮಡಿಲಲ್ಲಿ ಮುಖ ಹುದುಗಿಸುತ್ತಿದ್ದವನು ಇವನು. ಆದರೆ ಹೇಳಲಿಲ್ಲ. ಉಂಗುರ ಬಿಡುತ್ತದೆ, ಆರು ನಿಮಿಷ ಇದೆ ಎಂದಳು. ಅವನು ಮೆಲ್ಲಗೆ, "ಅಮ್ಮನಿಗೆ ಹೇಳ್ಬೇಡ" ಎಂದ.

ಹರಿಣಿ ಇನ್ನೊಂದು ಫೋನಿಗೆ ಕಿರುಚಿದಳು. "ಮೇಡಂ, ಅದನ್ನು ಪುನಃ ಎಬ್ಬಿಸುವುದು ಹೇಗೆ? ಎಂತಾದ್ರೂ ಹೇಳಿ! ನೀವು ಮಾಡಿದ್ದಲ್ವಾ ಅದು!"

"ಉಪ್ಪು ಬೇಕು," ಎಂದರು ಡಾ. ಪ್ರಭು. ಅವರೂ ಕಿರುಚುತ್ತಿದ್ದರು ಈಗ. "ಕೋಶಕ್ಕೆ ಒಳಗು ಹೊರಗು ಅಂತ ಇಲ್ಲ. ಒಳಗಿನಿಂದ ಉಪ್ಪುನೀರು ತಾಗಿದರೂ ಅದು ಅಂಟು ಸುರಿಸುತ್ತದೆ. ಗಟ್ಟಿ ಉಪ್ಪುನೀರಾದರೆ ಇನ್ನೂ ಒಳ್ಳೆಯದು. ಆದರೆ ಒಳಗೆ ಎಲ್ಲಿಂದ ತರುತ್ತೀರಿ?"

ಹರಿಣಿ ತಂತಿಯ ಫೋನನ್ನು ಬಾಯಿಗೆ ಒತ್ತಿಕೊಂಡಳು. "ಸುಕೇಶ, ಬುತ್ತಿಯಲ್ಲಿ ಎಂತ ಉಂಟು?"

"ಬುತ್ತಿ? ಈಗ?"

"ಹೇಳು, ಹಾಳಾದವನೇ!"

"ಗಂಜಿ. ಮತ್ತೆ ಅಮ್ಮ ಭರಣಿಯಿಂದ ತೆಗೆದುಕೊಟ್ಟ ಉಪ್ಪಿನ ಮಾವಿನಕಾಯಿ. ಎರಡು."

ಏಪ್ರಿಲ್‌ನಲ್ಲಿ ಮಾವಿನಕಾಯಿಯನ್ನು ಕಲ್ಲುಪ್ಪಿನ ನೀರಿನಲ್ಲಿ ಹಾಕಿ ಭರಣಿ ಕಟ್ಟಿ, ಮಳೆಗಾಲವಿಡೀ ಗಂಜಿಗೆ ನಂಜಿಕೊಳ್ಳುವುದು ಆ ಕಡೆಯ ಮನೆಮನೆಯ ರೂಢಿ. ಸಮುದ್ರಕ್ಕಿಂತ ಐದು ಪಟ್ಟು ಉಪ್ಪು ಹೀರಿ ಮುದುಡಿ ಕೂತಿರುತ್ತವೆ ಅವು.

"ಹಿಸುಕು. ರಸ ಸಮೇತ ಮುಚ್ಚಳದ ಉಂಗುರಕ್ಕೆ ಸವರು. ಸುತ್ತಲೂ. ಒಂದು ಕಡೆಯೂ ಬಿಡಬೇಡ, ಬೆರಳು ನಿಲ್ಲಿಸಬೇಡ. ಯತೀಶಣ್ಣ, ಎಳೀರಿ!"

ಈ ಸಲ ಯತೀಶಣ್ಣ ಮೇಲೋ ಕೆಳಗೋ ಎಂದು ಕೇಳಲಿಲ್ಲ.

ಆ ಹನ್ನೊಂದು ನಿಮಿಷವನ್ನು ಹರಿಣಿ ಆಮೇಲೆ ಎಷ್ಟೋ ಸಲ ಕನಸಿನಲ್ಲಿ ಕಂಡಳು. ವಿಂಚಿನ ಹಲ್ಲು ಕಟಕಟ ಎನ್ನುತ್ತಿತ್ತು. ಉಕ್ಕಿನ ಹಗ್ಗ ಒದ್ದೆಯಾಗಿ ಸುತ್ತಿಕೊಳ್ಳುತ್ತಿತ್ತು, ಎಷ್ಟು ಸುತ್ತಿದರೂ ಮುಗಿಯುತ್ತಿರಲಿಲ್ಲ. ನಾಲ್ಕನೆಯ ನಿಮಿಷಕ್ಕೆ ಸುಕೇಶ, "ಹನಿ ಬಿತ್ತು" ಎಂದ. ಐದಕ್ಕೆ, "ಎಡಗಡೆ ಸುರೀತಾ ಉಂಟು. ಉಜ್ಜಿದರೆ ನಿಲ್ತದೆ, ಆಗ ಬಲಗಡೆ ಬರ್ತದೆ." ಏಳಕ್ಕೆ ಅವನು ಅಳುತ್ತಿದ್ದ, ಅಳುತ್ತಲೇ ಉಜ್ಜುತ್ತಿದ್ದ. ಒಂದು ಮಾವಿನಕಾಯಿ ಮುಗಿಯಿತು. "ನೀರು ಮೊಣಕಾಲಿಗೆ ಬಂತಕ್ಕ." ಹರಿಣಿ ಏನೇನೋ ಮಾತಾಡುತ್ತಿದ್ದಳು, ಅವನು ಲಾರಿಯನ್ನು ಚರಂಡಿಗೆ ಇಳಿಸಿದ್ದು, ಅಪ್ಪನ ಹೊಸ ಚಪ್ಪಲಿಯನ್ನು ನಾಯಿಗೆ ಕೊಟ್ಟು ಪೆಟ್ಟು ತಿಂದದ್ದು. ಸುಮ್ಮನಾದರೆ ಅವನ ಬೆರಳು ನಿಂತೀತು ಎಂಬ ಹೆದರಿಕೆ. ಒಂಬತ್ತಕ್ಕೆ, "ಗೊರಟು ಮಾತ್ರ ಉಳಿದದ್ದು," ಎಂದ. "ಅದನ್ನೇ ಉಜ್ಜು," ಎಂದಳು. ಹತ್ತಕ್ಕೆ ಫೋನು ಸತ್ತಿತು.

ಗೂಡು ಕೆಂಪು ನೀರಿನಿಂದ ತಲೆಯೆತ್ತಿದಾಗ ಒಳಗೆ ಎದೆಮಟ್ಟ ನೀರಿತ್ತು. ಸುಕೇಶ ಎರಡೂ ಕೈ ಮೇಲಕ್ಕೆತ್ತಿ ಮುಚ್ಚಳದ ಅಂಚನ್ನು ಇನ್ನೂ ಉಜ್ಜುತ್ತಲೇ ಇದ್ದ. ಯತೀಶಣ್ಣ ಕೊಕ್ಕೆ ಬಿಚ್ಚಿ, "ಸಾಕು ಮಗಾ, ಸಾಕು ಬಿಡು" ಎಂದರೂ ಅವನ ಬೆರಳು ನಿಲ್ಲಲಿಲ್ಲ. ಬೆರಳ ತುದಿಯ ಚರ್ಮ ಕಿತ್ತು ಬಂದಿತ್ತು. ಹರಿಣಿ ಅವನನ್ನು ತಬ್ಬಿ ಬಾರ್ಜಿನ ಹಲಗೆಯ ಮೇಲೇ ಕೂತುಬಿಟ್ಟಳು.

ಆ ದಿನವೇ ಡಾ. ಪ್ರಭು ದೇಶದ ಎಲ್ಲ ಬಂದರುಗಳಿಗೂ ಎಚ್ಚರಿಕೆ ಕಳಿಸಿದರು. ಅಳಿವೆಗಳಲ್ಲಿ ಇಳಿದಿದ್ದ ಗೂಡುಗಳು ಒಟ್ಟು ಒಂಬತ್ತು. ಎಂಟು ಮೇಲೆ ಬಂದವು. ಒಂಬತ್ತನೆಯದರಲ್ಲಿ ಗೋಪಿನಾಥ ಖಾರ್ವಿ ಎಂಬ ಮೂವತ್ತೊಂದು ವರ್ಷದವನಿದ್ದ. ಎಚ್ಚರಿಕೆ ತಲುಪಿದಾಗ ಅಲ್ಲಿನವರು ಎಲ್ಲ ಸರಿಯಿದೆ ಎನ್ನುವ ಗೂಡಿನ ಹಸಿರು ದೀಪ ಉರಿಯುತ್ತಿದೆಯಲ್ಲ ಎಂದುಕೊಂಡು, ಊಟ ಮುಗಿಸಿ ಎಳೆದರಂತೆ; ಅಷ್ಟರಲ್ಲಿ ಗೂಡು ತುಂಬಿತ್ತು. ಅವರನ್ನು ದೂರಿ ಏನು ಫಲ? ಹೆದರಬೇಕು ಎಂಬುದನ್ನೇ ಅವರಿಗೆ ಯಾರೂ ಕಲಿಸಿರಲಿಲ್ಲ. ಕಲಿಸಬಲ್ಲವರನ್ನು ಮೂರು ವರ್ಷದ ಹಿಂದೆಯೇ ಮನೆಗೆ ಕಳಿಸಿಯಾಗಿತ್ತು.

ವಿಚಾರಣೆಯಲ್ಲಿ ಹರಿಣಿ ತಾನಾಗಿ ಎದ್ದು ನಿಂತು ಹೇಳಿದಳು. "ಸಿಹಿನೀರಿಗೆ ಬಿಡುವ ಹಾಗೆ ಮಾಡಿ ಅಂತ ಕೇಳಿದ್ದು ನಾನು. ಕ್ಯಾಮೆರಾ ತೆಗೀಲಿಕ್ಕೆ ಸುಲಭ ಆಗ್ಲಿ ಅಂತ. ಮನುಷ್ಯರ ಗೂಡಿಗೂ ಅದನ್ನೇ ಹಾಕಿದಾಗ ನನಗೆ ಅದು ನೆನಪೇ ಆಗ್ಲಿಲ್ಲ." ಡಾ. ಪ್ರಭು ತಲೆ ತಗ್ಗಿಸಿ, "ನನಗೂ ಆಗಲಿಲ್ಲ" ಎಂದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು ಎಂದು ಗೋಪಿನಾಥನ ಹೆಂಡತಿ ಕೇಳಿದಳು.

ಉಂಗುರ ಬದಲಾಯಿತು. ಹೊಸದು ಯಾವ ನೀರಿಗೂ ಬಿಡುವುದಿಲ್ಲ. ಮೇಲೆ ಬಂದ ಮೇಲೆ ಬಿಸಿಗಾಳಿ ಊದಿ ಬಿಡಿಸಬೇಕು. ಒಂದು ವರ್ಷ ಕಳೆದು, ಮತ್ತೊಂದು ಆಗಸ್ಟ್‌ನಲ್ಲಿ, ಏಳನೆಯ ಕಂಬದ ಬಾಕಿ ಉಳಿದ ಚಿತ್ರಗಳಿಗೆ ಸುಕೇಶನೇ ಇಳಿಯುತ್ತೇನೆಂದ. ಅಮ್ಮ ಅತ್ತಳು. ಹರಿಣಿ ಅವನನ್ನು ತಡೆಯಲಿಲ್ಲ, ಆದರೆ ಡಾ. ಪ್ರಭು ಅವರಿಗೆ ಫೋನು ಮಾಡಿದಳು.

"ಈ ಉಂಗುರಕ್ಕೆ ಎಂತ ಆಗೂದಿಲ್ಲ ಅಂತ ನಿಮಗೆ ಖಾತ್ರಿ ಉಂಟಾ ಮೇಡಂ?"

"ಉಪ್ಪುನೀರು, ಸಿಹಿನೀರು, ಎರಡರಲ್ಲೂ ನೋಡಿದ್ದೇನೆ. ಮಳೆಗಾಲದಲ್ಲೂ ನೋಡಿದ್ದೇನೆ. ಮೂರನೆಯ ನೀರು ಇಲ್ಲವಲ್ಲ ಹರಿಣಿ."

"ಹಾಗಾದ್ರೆ ನೀವು ಬನ್ನಿ. ಅವನು ಮೇಲೆ ಬರುವ ತನಕ ನಮ್ಮ ಜೊತೆ ನಿಲ್ಲಿ. ಬೇರೆಂತ ಮಾಡೂದೂ ಬೇಡ, ನಿಂತರೆ ಸಾಕು."

ಡಾ. ಪ್ರಭು ಬಂದರು. ಅಲ್ಲಿಂದ ಮುಂದೆ ಅದು ಎಲ್ಲ ಬಂದರುಗಳಲ್ಲೂ ಕಟ್ಟಲೆಯಾಯಿತು, ಕಡಲಿನಿಂದ ಆಸ್ಪತ್ರೆಗೆ, ವಿಮಾನಕ್ಕೆ, ಶಾಲೆಯ ಬಸ್ಸಿಗೆ ಹಬ್ಬಿತು. ಮನುಷ್ಯರು ಜೀವ ಒಪ್ಪಿಸುವ ಯಾವುದನ್ನೇ ಆಗಲಿ, ಮಾಡಿದವರು ಅದರ ಬಳಿ ಬಂದು ನಿಲ್ಲಬೇಕು, ವರ್ಷಕ್ಕೆ ಇಷ್ಟು ದಿನ ಎಂದು. ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ, ಈ ಶತಮಾನದ ಮೊದಲ ಆರು ದಶಕಗಳಲ್ಲಿ, ಅಂಥದ್ದೇನೂ ಇರಲಿಲ್ಲವಂತೆ. ಮಾಡಿದವರು ಎಲ್ಲೋ, ಒಳಗೆ ಕೂತವರು ಎಲ್ಲೋ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆಯೇ ಬದುಕು ಮುಗಿಸುತ್ತಿದ್ದರಂತೆ. ಹೇಗೆ ನಿದ್ದೆ ಬರುತ್ತಿತ್ತೋ ಅವರಿಗೆ.

ಆ ಮೊದಲ ದಿನ ಗಾಳಿ ಜೋರಾಗಿತ್ತು. ಗೂಡು ಕೆಂಪು ನೀರಿನಲ್ಲಿ ಮುಳುಗಿ ಕಾಣದಾಯಿತು. ನಲವತ್ತು ಸಾವಿರ ಪರೀಕ್ಷೆ ಮಾಡಿದ ಡಾ. ಅಹಲ್ಯಾ ಪ್ರಭು ಬಾರ್ಜಿನ ಅಂಚಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಬಹಳ ಹೊತ್ತಾಯಿತು ಎನ್ನಿಸಿ ಅವರು ಕೇಳಿದರು:

"ಇನ್ನೆಷ್ಟು ಹೊತ್ತು?"

ಹರಿಣಿ ಗಡಿಯಾರ ನೋಡಿದಳು.

"ಈಗಷ್ಟೇ ಇಳಿದದ್ದು ಮೇಡಂ. ಮೂರು ನಿಮಿಷ ಆಯ್ತು."